ಹಣ್ಣು ಬಿಡದ ಅಂಜೂರಕ್ಕೆ ಇನ್ನೊಂದು ವರ್ಷ: ಬುಡ ಬಿಡಿಸಿದ ಕೆಲಸದ ಟಿಪ್ಪಣಿ

ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಒಂದು ಪುಟ್ಟ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ ಇದೆ. 6ರಿಂದ 9, ಬರೀ ನಾಲ್ಕು ವಚನ. ದ್ರಾಕ್ಷಿತೋಟದಲ್ಲಿ ಒಂದು ಅಂಜೂರದ ಮರ. ಯಜಮಾನ ಮೂರು ವರ್ಷದಿಂದ ಬಂದು ನೋಡುತ್ತಿದ್ದಾನೆ, ಹಣ್ಣಿಲ್ಲ. ಕಡಿದು ಹಾಕು, ಸುಮ್ನೆ ಜಾಗ ಯಾಕೆ ಹಾಳು ಅನ್ನುತ್ತಾನೆ. ತೋಟಗಾರ ಅಡ್ಡ ಬರುತ್ತಾನೆ. ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ, ಆಮೇಲೂ ಬಿಡದಿದ್ದರೆ ಕಡಿಸಿ ಅನ್ನುತ್ತಾನೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಮರ ಹಣ್ಣು ಬಿಟ್ಟಿತೋ ಇಲ್ಲವೋ ಯೇಸು ಹೇಳಲಿಲ್ಲ.

ಆ ತೋಟಗಾರ ಒಪ್ಪಿಕೊಂಡ ಕೆಲಸ ಎರಡೇ: ಅಗೆಯುವುದು, ಗೊಬ್ಬರ ಹಾಕುವುದು. ಹಣ್ಣು ಬಿಡಿಸಿಕೊಡುತ್ತೇನೆ ಅಂತ ಅವನು ಮಾತು ಕೊಡಲಿಲ್ಲ. ನಮ್ಮ ಹಿತ್ತಲಲ್ಲೂ ಹಣ್ಣು ಬಿಡದ ಅಂಜೂರ ಒಂದಿದೆ. ಈ ಎರಡು ಕೆಲಸವನ್ನು ಅಕ್ಷರಶಃ ಮಾಡಿ ನೋಡೋಣ, ಮಾಡುವಾಗ ಸತ್ಯವೇದ (ಬೈಬಲ್) ಪಕ್ಕದಲ್ಲಿರಲಿ ಅಂತ ಶುರು ಮಾಡಿದೆ. ಮರದ ಲೆಕ್ಕವೂ ನನ್ನ ಲೆಕ್ಕವೂ ಒಂದೇ ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ ಎರಡೂ ಇಲ್ಲಿ ಬೆರೆತೇ ಬರುತ್ತವೆ.

ಅಗೆಯುವ ಮೊದಲು

ಮರ ನೋಡಿದರೆ ಕಾಯಿಲೆ ಅನ್ನಿಸುವುದಿಲ್ಲ. ಅಂಗೈಗಿಂತ ಅಗಲದ ಕಡು ಹಸಿರು ಎಲೆ, ಉದ್ದುದ್ದ ಚಿಗುರು. ಎಲೆಯ ಕಂಕುಳಲ್ಲಿ ಬಟಾಣಿ ಗಾತ್ರದ ಕಾಯಿ ಕಟ್ಟುತ್ತದೆ, ಒಂದೆರಡು ವಾರದಲ್ಲಿ ಹಳದಿಯಾಗಿ ಉದುರುತ್ತದೆ. ಅಂಜೂರದ ಹೂವು ಹೊರಗೆ ಕಾಣುವುದಿಲ್ಲ, ಕಾಯಿಯ ಒಳಗೇ ಇರುತ್ತದೆ. ಕೆಲವು ಜಾತಿಗಳಲ್ಲಿ ಒಂದು ಪುಟ್ಟ ಕಣಜ ಒಳಗೆ ಹೊಕ್ಕು ಪರಾಗ ಮುಟ್ಟಿಸದಿದ್ದರೆ ಕಾಯಿ ನಿಲ್ಲುವುದೇ ಇಲ್ಲ. ಮನೆಗಳಲ್ಲಿ ಬೆಳೆಸುವ ಹೆಚ್ಚಿನ ಜಾತಿಗಳಿಗೆ ಅದು ಬೇಕಿಲ್ಲ. ಇದರ ಕಡ್ಡಿ ಬಂದ ತಾಯಿಮರ ಚೆನ್ನಾಗಿ ಬಿಡುತ್ತಿದೆ, ಹಾಗಾಗಿ ಜಾತಿಯ ತೊಂದರೆ ಅಲ್ಲ. ಬಿಸಿಲೂ ಸಾಕಷ್ಟಿದೆ. ಅಂಜೂರಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು.

ಉಳಿದಿದ್ದು ಮಣ್ಣು. ಒಂದು ಸುಲಭದ ಪರೀಕ್ಷೆ ಇದೆ. 30 ಸೆಂ.ಮೀ. ಆಳದ ಗುಂಡಿ ತೋಡಿ, ನೀರು ತುಂಬಿ, ಪೂರ್ತಿ ಇಂಗಲು ಬಿಡಬೇಕು. ಮತ್ತೆ ತುಂಬಿ, ಒಂದು ಕಡ್ಡಿ ನೆಟ್ಟು ಗಂಟೆಗೆ ಎಷ್ಟು ಇಳಿಯುತ್ತದೆ ನೋಡಬೇಕು. 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ನೀರು ಬಸಿಯುತ್ತಿಲ್ಲ ಅಂತ ಅರ್ಥ. ಇಲ್ಲಿ ಅದರ ಅರ್ಧವೂ ಇಳಿಯಲಿಲ್ಲ. ಮೇಲಿನ ಒಂದು ಗೇಣು ಮಣ್ಣು ಓಡಾಟಕ್ಕೆ ತುಳಿದು ತುಳಿದು ಗಟ್ಟಿಯಾಗಿತ್ತು. ಬೀಜ ನಾಲ್ಕು ಬಗೆಯ ನೆಲಕ್ಕೆ ಬೀಳುವ, ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ ಮೊದಲು ಬರುವ ನೆಲ ಯಾವುದು ಹೇಳಿ? ದಾರಿಯ ಮಗ್ಗುಲು. ಅದು ಕೆಟ್ಟ ಮಣ್ಣೇನಲ್ಲ. ಪಕ್ಕದ ಹೊಲದ ಮಣ್ಣೇ, ಜನ ನಡೆದು ನಡೆದು ಬಿರುಸಾಗಿದೆ, ಅಷ್ಟೇ. ಎಷ್ಟೋ ವರ್ಷ ಪ್ರಸಂಗ ಕೇಳಿ ಕೇಳಿಯೇ ಮನಸ್ಸು ಹೀಗಾಗುವುದುಂಟು. ದೇವರ ವಾಕ್ಯ ಮೇಲೆ ಬೀಳುತ್ತದೆ, ಚೆನ್ನಾಗಿತ್ತು ಅನ್ನುತ್ತೇವೆ, ಅದು ಅಲ್ಲೇ ನಿಂತು ಆರಿಹೋಗುತ್ತದೆ.

ಬುಡ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದಿದ್ದು ಇದು. ಕಾಂಡ ನೆಲಕ್ಕೆ ಸೇರುವಲ್ಲಿ ಯಾವ ಮರವೂ ಸ್ವಲ್ಪ ಅಗಲವಾಗಿ, ಬೇರುಗಳಾಗಿ ಕವಲೊಡೆಯುವುದು ಕಾಣಬೇಕು. ನಮ್ಮ ಮರ ಕಂಬ ಹೂತ ಹಾಗೆ ನೇರ ಮಣ್ಣೊಳಗೆ ಹೋಗುತ್ತಿತ್ತು. ಹಾಗಿದ್ದರೆ ಬುಡಕ್ಕೆ ಮಣ್ಣು ಏರಿಸಿದ್ದಾರೆ ಅಂತಲೇ ತಿಳಿಯಬೇಕು. ಮಣ್ಣಲ್ಲಿ ಮುಚ್ಚಿದ ತೊಗಟೆಗೆ ಗಾಳಿ ಸಿಗುವುದಿಲ್ಲ, ಸದಾ ತೇವ ಇದ್ದು ಕೊಳೆಯುತ್ತದೆ.

ಬೇರಿನ ಹತ್ತಿರ ಗುದ್ದಲಿ ಆಡಿಸಬಾರದು. ಅಂಜೂರದ ಬೇರು ಆಳಕ್ಕಿಂತ ಅಗಲಕ್ಕೇ ಹೆಚ್ಚು ಹೋಗುತ್ತದೆ, ನೀರು ಹೀರುವ ಸಣ್ಣ ಬೇರುಗಳೆಲ್ಲ ಮೇಲೆಯೇ ಇರುತ್ತವೆ. ಕೈ, ಒಂದು ಮರದ ಚಕ್ಕೆ, ಹಳೆ ಬ್ರಷ್, ಇಷ್ಟೇ ನನ್ನ ಸಾಮಾನು. ಮಣ್ಣನ್ನು ಸ್ವಲ್ಪ ತೇವ ಮಾಡಿಕೊಂಡು ಕೆರೆದು ಕೆರೆದು ತೆಗೆದೆ. ಒಡೆದ ಇಟ್ಟಿಗೆ ಬಂತು, ಗಾರೆ ಚೂರು ಬಂತು, ಪ್ಲಾಸ್ಟಿಕ್ ಚೀಲದ ಎಳೆ ಬಂತು. ಯೆಶಾಯನ 5ನೇ ಅಧ್ಯಾಯದ ದ್ರಾಕ್ಷಿತೋಟದ ಹಾಡಿನಲ್ಲೂ ಒಡೆಯ ಮೊದಲು ಅಗೆಯುತ್ತಾನೆ, ಕಲ್ಲು ಆರಿಸಿ ತೆಗೆಯುತ್ತಾನೆ, ಆಮೇಲೆ ನೆಡುತ್ತಾನೆ. ನಾವು ಓದುವಾಗ ನೆಡುವ ಕಡೆಗೆ ಓಡುತ್ತೇವೆ. ಕಲ್ಲು ಆರಿಸುವ ಸಾಲಿನ ಹತ್ತಿರ ನಾವು ಯಾರೂ ನಿಲ್ಲುವುದಿಲ್ಲ.

ಒಂದು ಗೇಣು ಕೆಳಗೆ ಸಿಕ್ಕಿತು ನೋಡಿ ತಂತಿ. ಗಿಡ ಚಿಕ್ಕದಿದ್ದಾಗ ಗಾಳಿಗೆ ಬೀಳದಿರಲಿ ಅಂತ ಯಾರೋ ಊರುಗೋಲಿಗೆ ಕಟ್ಟಿದ್ದು. ಗೋಲನ್ನು ಗೆದ್ದಲು ತಿಂದು ಯಾವ ಕಾಲವಾಯಿತೋ. ತಂತಿ ಮಾತ್ರ ಉಳಿದಿದೆ. ಕಾಂಡ ದಪ್ಪವಾಗುತ್ತಾ ಅದನ್ನು ನುಂಗಿಕೊಂಡಿದೆ. ತಂತಿಯ ಮೇಲಿನ ಭಾಗ ಉಬ್ಬಿ ತುಟಿಯ ಹಾಗೆ ಮಡಚಿದೆ, ಕೆಳಗಿನ ಭಾಗ ಸೊರಗಿದೆ. ಬೆರಳಿಟ್ಟು ಸವರಿದರೆ ಸುತ್ತಲೂ ಒಂದು ಗೀರು. ಕೆಲವು ಕಡೆ ತಂತಿ ಕಾಣುತ್ತದೆ, ಕೆಲವು ಕಡೆ ತೊಗಟೆ ಪೂರ್ತಿ ಮುಚ್ಚಿಬಿಟ್ಟಿದೆ.

ಹೀಗಿದ್ದೂ ಎಲೆ ಹಸಿರಾಗಿತ್ತಲ್ಲ, ಹೇಗೆ? ನೀರು ಮೇಲೆ ಏರುವುದು ಒಳಗಿನ ಕಟ್ಟಿಗೆಯಲ್ಲಿ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ತಂತಿ ಹಿಸುಕುವುದು ತೊಗಟೆಯನ್ನು. ಅಂದರೆ ನೀರು ಏರುತ್ತಲೇ ಇರುತ್ತದೆ, ಎಲೆ ನಳನಳಿಸುತ್ತಲೇ ಇರುತ್ತದೆ, ಬೇರು ಮಾತ್ರ ಉಪವಾಸ. ಈ ನಾಟಕ ವರ್ಷಗಟ್ಟಲೆ ನಡೆಯಬಹುದು. ಪ್ರಕಟನೆಯ 3ನೇ ಅಧ್ಯಾಯದಲ್ಲಿ ಸಾರ್ದಿಸ್ ಊರಿನ ಕ್ರೈಸ್ತ ಸಭೆಗೆ ಹೇಳಿದ ಮಾತು ಇದೇ ಅಲ್ವಾ? ಜೀವಿಸುತ್ತೀ ಅನ್ನುವ ಹೆಸರು ಮಾತ್ರ ನಿನಗಿದೆ, ಆದರೆ ಸತ್ತಿದ್ದೀ. ಹೊರಗಿನಿಂದ ನೋಡಿದವರಿಗೆ ಆ ಸಭೆಯೂ ಹಸಿರಾಗಿಯೇ ಕಂಡಿರಬೇಕು.

ತಂತಿಯ ಬಗ್ಗೆ ನನಗೆ ಸಿಟ್ಟು ಬರಲಿಲ್ಲ. ಕಟ್ಟಿದವರು ಕೇಡು ಬಯಸಿ ಕಟ್ಟಿದ್ದಲ್ಲ. ಆ ತಂತಿ ಇಲ್ಲದಿದ್ದರೆ ಗಿಡ ಮೊದಲ ಮಳೆಗಾಲದಲ್ಲೇ ಮಲಗುತ್ತಿತ್ತೇನೋ. ಗಲಾತ್ಯದವರಿಗೆ ಬರೆಯುವಾಗ ಅಪೊಸ್ತಲ ಪೌಲ ಮೋಶೆಯ ಧರ್ಮಶಾಸ್ತ್ರವನ್ನು ಚಿಕ್ಕ ಹುಡುಗನನ್ನು ಕಾಯುವ ಆಳಿಗೆ ಹೋಲಿಸುತ್ತಾನೆ. ನಂಬಿಕೆ ಬಂದ ಮೇಲೆ ಆ ಆಳಿನ ಕೈಕೆಳಗೆ ಇರಬೇಕಾಗಿಲ್ಲ ಅನ್ನುತ್ತಾನೆ. ಆಳು ಕೆಟ್ಟವನು ಅನ್ನುವುದಿಲ್ಲ. ಪ್ರಾರ್ಥನೆ ತಪ್ಪಿಸಿದರೆ ದೇವರು ಶಿಕ್ಷಿಸುತ್ತಾನೆ ಅಂತ ಚಿಕ್ಕವರಿದ್ದಾಗ ಹೆದರಿಸಿದ್ದು ಎಷ್ಟೋ ಜನರನ್ನು ಆಗ ಮೊಣಕಾಲ ಮೇಲೆ ನಿಲ್ಲಿಸಿದೆ. ಐವತ್ತು ವರ್ಷದ ಮೇಲೂ ಅದೇ ಹೆದರಿಕೆ ಕುತ್ತಿಗೆ ಸುತ್ತ ಇದ್ದರೆ ಪ್ರಾರ್ಥನೆ ನಡೆಯುತ್ತದೆ, ಪ್ರೀತಿ ಕೆಳಗಿಳಿಯುವುದಿಲ್ಲ.

ಇಂಥ ತಂತಿ ತೆಗೆಯುವ ಕ್ರಮ: ಎಳೆಯಬೇಡಿ. ಎಳೆದರೆ ತೊಗಟೆ ಸಮೇತ ಕಿತ್ತು ಬರುತ್ತದೆ, ತಂತಿ ಮಾಡಿದ್ದಕ್ಕಿಂತ ದೊಡ್ಡ ಗಾಯ ನಾವೇ ಮಾಡುತ್ತೇವೆ. ಕಾಣುವ ಕಡೆಯಲ್ಲೆಲ್ಲ ಕಟಿಂಗ್ ಪ್ಲೇಯರ್‌ನಿಂದ ತುಂಡು ಮಾಡಿ. ಸಲೀಸಾಗಿ ಬರುವ ತುಂಡು ತೆಗೆಯಿರಿ. ಮರ ನುಂಗಿದ್ದನ್ನು ಅದರೊಳಗೇ ಬಿಡಿ. ಉಂಗುರ ತುಂಡಾದರೆ ಸಾಕು, ಹಿಡಿತ ಹೋಯಿತು. ಉಳಿದ ಚೂರನ್ನು ಮರ ಒಳಗೇ ಇಟ್ಟುಕೊಂಡು ಬೆಳೆಯುತ್ತದೆ. ಗಾಯಕ್ಕೆ ಬಣ್ಣ, ಸಗಣಿ, ಡಾಂಬರು ಏನೂ ಬಳಿಯುವುದು ಬೇಡ, ಗಾಳಿಗೆ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಹಳೆಯ ನೋವನ್ನು ಬೇರು ಸಮೇತ ಕಿತ್ತು ಹಾಕುವವರೆಗೂ ನಿನಗೆ ಬಿಡುಗಡೆ ಇಲ್ಲ ಅಂತ ಒತ್ತಾಯ ಮಾಡುವ ಪ್ರಾರ್ಥನಾ ಕೂಟಗಳನ್ನು ಕಂಡಿದ್ದೇನೆ. ಅವರು ಒಮ್ಮೆ ಈ ಮರದ ಬುಡದಲ್ಲಿ ಕೂರಬೇಕು.

ಗುದ್ದಲಿ ಯಾರ ಕೈಯಲ್ಲಿ

ಈ ಸಾಮ್ಯ ಓದುವಾಗ ನಾವೆಲ್ಲ ತೋಟಗಾರನ ಪಕ್ಕ ಹೋಗಿ ನಿಂತುಬಿಡುತ್ತೇವೆ. ‘ನಿಮ್ಮ ಹೃದಯದ ತೋಟವನ್ನು ನೀವೇ ನೋಡಿಕೊಳ್ಳಿ’ ಅನ್ನುವ ಬೋಧನೆ ಎಲ್ಲ ಕಡೆ ಇದೆ. ಸತ್ಯವೇದದ ತೋಟಗಳಲ್ಲಿ ಹುಡುಕಿದರೆ ನಮಗೆ ಸಿಗುವ ಜಾಗ ಬಹುಪಾಲು ಬೇರೆ. ಲೂಕ 13ರಲ್ಲಿ ನಾವು ಮರ. ಯೋಹಾನ 15ರಲ್ಲಿ ತಂದೆ ತೋಟಗಾರ, ನಾವು ಕೊಂಬೆ. ಮಾರ್ಕ 4ರಲ್ಲಿ ನಾವು ನೆಲ. 1 ಕೊರಿಂಥ 3ರಲ್ಲಿ ಪೌಲ ನೆಟ್ಟ, ಜೊತೆಯ ಬೋಧಕ ಅಪೊಲ್ಲೋಸ ನೀರು ಹೊಯ್ದ, ಬೆಳೆಸಿದವನು ದೇವರು. ಅಲ್ಲಿ ಗುದ್ದಲಿ ಹಿಡಿದವರಿದ್ದಾರೆ ನಿಜ, ಅವರು ಅಗೆದಿದ್ದು ಇನ್ನೊಬ್ಬರಿಗಾಗಿ. ಮೂರು ವಚನ ಮುಂದೆ, 9ರಲ್ಲಿ, ‘ನೀವು ದೇವರ ಹೊಲ’ ಅಂತ ಬರುತ್ತದೆ. ಪ್ರವಾದಿಗಳಾದ ಹೋಶೇಯ, ಯೆರೆಮೀಯ ಮಾತ್ರ ‘ಪಾಳುಬಿದ್ದ ನೆಲವನ್ನು ಉತ್ತುಕೊಳ್ಳಿರಿ’ ಅಂತ ನಮ್ಮ ಕೈಗೇ ನೇಗಿಲು ಕೊಡುತ್ತಾರೆ, ಅದೂ ಒಂದು ಇಡೀ ಜನಕ್ಕೆ ಹೇಳಿದ್ದು.

ಇದು ಸಣ್ಣ ವ್ಯತ್ಯಾಸ ಅಲ್ಲ. ಮರ ತನ್ನ ಬುಡ ತಾನೇ ಬಿಡಿಸಿಕೊಳ್ಳಲಾರದು. ತಂತಿ ಎಲ್ಲಿದೆ ಅಂತಲೂ ಅದಕ್ಕೆ ಕಾಣುವುದಿಲ್ಲ. ಹಾಗಂತ ಹೋಲಿಕೆಯನ್ನು ಕೊನೆಯವರೆಗೂ ಎಳೆಯಲಾಗುವುದಿಲ್ಲ. ಮರಕ್ಕೆ ಬೇಡ ಅನ್ನುವ ಶಕ್ತಿ ಇಲ್ಲ, ನಮಗಿದೆ. ನಮ್ಮ ಪಾಲಿನ ಕೆಲಸ ಅಲ್ಲೇ ಇರುವುದು: ಇನ್ನೊಬ್ಬರು ಬುಡಕ್ಕೆ ಕೈ ಹಾಕಿದಾಗ ಸುಮ್ಮನಿರುವುದು. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ ಅಂತ ಯಾಕೋಬ 5:16 ಹೇಳುತ್ತದೆ. ಒಬ್ಬನೇ ಕೂತು ಆತ್ಮಪರೀಕ್ಷೆ ಮಾಡಿಕೊಳ್ಳುವುದು ನನಗೆ ಸುಲಭ, ನನ್ನ ಇಟ್ಟಿಗೆ ನಾನೇ ಆರಿಸಿದರೆ ಬೇಕಾದ್ದನ್ನು ಒಳಗೇ ಬಿಡಬಹುದು. ಈ ಕೆಲಸ ನಡೆದ ದಿನಗಳಲ್ಲಿ ಸಭೆಯ ಒಬ್ಬ ಹಿರಿಯರ ಹತ್ತಿರ ಹೋಗಿ ಕೂತು ಮಾತಾಡಲು ಶುರು ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆಯೇ ನಾನು ನನ್ನ ತಪ್ಪುಗಳ ಪಟ್ಟಿಯಲ್ಲಿ ಬರೆಯದಿದ್ದದ್ದು.

ಗೊಬ್ಬರ

ಎಲೆ ಜಾಸ್ತಿ, ಹಣ್ಣಿಲ್ಲ ಅಂದರೆ ಸಾರಜನಕವೂ ಜಾಸ್ತಿ ಆಗಿರಬಹುದು. ಅಂಥ ಮರಕ್ಕೆ ಇನ್ನಷ್ಟು ಗೊಬ್ಬರ ಸುರಿದರೆ ಇನ್ನಷ್ಟು ಎಲೆ ಬರುತ್ತದೆ. ಹಾಗಾಗಿ ಹಸಿ ಸಗಣಿ, ಕೋಳಿ ಗೊಬ್ಬರ, ಯೂರಿಯಾ ಯಾವುದೂ ಬೇಡ ಅಂತ ತೀರ್ಮಾನಿಸಿದೆ. ಹಸಿ ಗೊಬ್ಬರ ಬೇರನ್ನು ಸುಡುತ್ತದೆ ಕೂಡ. ಪೂರ್ತಿ ಕಳಿತ ಕಾಂಪೋಸ್ಟ್ ಮಾತ್ರ.

ಹಿತ್ತಲ ಅಂಚಿನಲ್ಲಿ ಒಂದು ತಿಪ್ಪೆ ಮಾಡಿಕೊಂಡೆ. ಮೀಟರ್ ಉದ್ದ, ಮೀಟರ್ ಅಗಲ, ಮೀಟರ್ ಎತ್ತರ. ಅದಕ್ಕಿಂತ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ. ಒಣ ಎಲೆ ಎರಡು ಮೂರು ಪಾಲು, ಹಸಿ ಸೊಪ್ಪು, ಅಡುಗೆಮನೆ ಕಸ ಒಂದು ಪಾಲು. ಇಂಗಾಲ, ಸಾರಜನಕದ ಲೆಕ್ಕದಲ್ಲಿ ಹೇಳಿದರೆ 25ರಿಂದ 30ಕ್ಕೆ 1. ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ. ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಬಂದರೆ ಕಳೆ ಬೀಜವೂ ಸಾಯುತ್ತದೆ. ಮೂಗಿಗೆ ಅಮೋನಿಯ ಹೊಡೆದರೆ ಹಸಿ ಜಾಸ್ತಿ, ಒಣ ಎಲೆ ಹಾಕಿ. ಕೊಳೆತ ವಾಸನೆ ಬಂದರೆ ಗಾಳಿ ಸಾಲದು, ತಿರುವಿ ಹಾಕಿ.

ತಿಪ್ಪೆ ಅಂದ ಕೂಡಲೇ ನಮಗೆ ಹೊಳೆಯುವುದು ನಮ್ಮ ಪಾಪ, ಸೋಲು. ಅದನ್ನೆಲ್ಲ ದೇವರು ಗೊಬ್ಬರ ಮಾಡುತ್ತಾನೆ ಅಂತ ಸಮಾಧಾನ ಹೇಳಿಕೊಳ್ಳುತ್ತೇವೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯ ತೆಗೆದು ನೋಡಿದರೆ ಪೌಲ ಕಸ ಅಂತ ಎಸೆದಿದ್ದು ಪಾಪಗಳನ್ನಲ್ಲ. ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಫರಿಸಾಯನ ಶಿಸ್ತು. ಅವನ ಸರ್ಟಿಫಿಕೇಟುಗಳೆಲ್ಲ ತಿಪ್ಪೆಗೆ. ಸವರಿದ ಹಸಿರು ಚಿಗುರನ್ನು ತಿಪ್ಪೆಗೆ ಹಾಕುವಾಗ ಇದು ನೆನಪಾಗುತ್ತದೆ. ಕೊಳೆತದ್ದನ್ನು ಎಸೆಯಲು ಕಷ್ಟವಿಲ್ಲ. ಚೆನ್ನಾಗಿರುವುದನ್ನು ಎಸೆಯುವಾಗ ಕೈ ಹಿಂದೆ ಬರುತ್ತದೆ. ಸಭೆಯಲ್ಲಿ ಎಷ್ಟು ವರ್ಷದಿಂದ ಹಾಡಿಸುತ್ತಿದ್ದೇನೆ, ಎಷ್ಟು ಜನಕ್ಕೆ ಕಲಿಸಿದ್ದೇನೆ ಅನ್ನುವ ನನ್ನ ಲೆಕ್ಕವೂ ಅಲ್ಲಿಗೇ ಹೋಗಬೇಕಾದದ್ದು.

ಹಾಕಿದ ರೀತಿ: ಬುಡಕ್ಕಲ್ಲ. ಕೊಂಬೆಗಳು ಎಲ್ಲಿವರೆಗೆ ಹರಡಿವೆಯೋ ಆ ಅಂಚಿನ ಸುತ್ತ ಹಾರೆಯಿಂದ 30 ಸೆಂ.ಮೀ. ಆಳದ ತೂತುಗಳು, ಅರ್ಧ ಮೀಟರಿಗೊಂದು. ಅದರೊಳಗೆ ಕಾಂಪೋಸ್ಟ್ ತುಂಬಿದೆ. ಗಟ್ಟಿ ಪದರ ಒಡೆಯುವುದಕ್ಕೂ ಗಾಳಿ ಇಳಿಯುವುದಕ್ಕೂ ಒಂದೇ ಏಟು. ಮೇಲೆ ಒಂದೆರಡು ಇಂಚು ಕಾಂಪೋಸ್ಟ್, ಅದರ ಮೇಲೆ ಒಣ ಎಲೆಯ ಹೊದಿಕೆ 5ರಿಂದ 10 ಸೆಂ.ಮೀ. ಕಾಂಡದ ಸುತ್ತ ಒಂದು ಗೇಣು ಖಾಲಿ.

ಕತ್ತರಿ

ಇದು ಬೇಗ ಮುಗಿಯಿತು. ಎಲೆ ಉದುರಿ ಮರ ಮಲಗಿರುವಾಗ ಸವರಬೇಕು. ಒಣಗಿದ್ದು, ಒಂದನ್ನೊಂದು ಉಜ್ಜುತ್ತಿರುವುದು, ಬುಡದಿಂದ ಎದ್ದ ಕವಲು, ಇವು ಮೊದಲು. ಒಟ್ಟು ಕಾಲು ಭಾಗ ದಾಟಲಿಲ್ಲ. ಅಂಜೂರ ಮೊದಲ ಬೆಳೆಯನ್ನು ಹೋದ ವರ್ಷದ ಕಡ್ಡಿಯಲ್ಲಿ, ಮುಖ್ಯ ಬೆಳೆಯನ್ನು ಈ ವರ್ಷದ ಚಿಗುರಲ್ಲಿ ಬಿಡುತ್ತದೆ. ಎಲ್ಲ ಬೋಳಿಸಿದರೆ ಮೊದಲನೆಯದು ಹೋದ ಹಾಗೇ. ಕೈಗವಸು ಹಾಕಿಕೊಳ್ಳಿ. ಅಂಜೂರದ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಗುಳ್ಳೆ ಏಳುತ್ತದೆ. ಯೋಹಾನ 15:2ರಲ್ಲಿ ಫಲ ಕೊಡದ ಕೊಂಬೆಯೂ ಕತ್ತರಿ ಕಾಣುತ್ತದೆ, ಫಲ ಕೊಡುವ ಕೊಂಬೆಯೂ ಕತ್ತರಿ ಕಾಣುತ್ತದೆ. ಕತ್ತರಿ ಬಿತ್ತು ಅನ್ನುವುದರಿಂದಲೇ ನಾನು ಯಾವ ಕೊಂಬೆ ಅಂತ ಹೇಳಲಾಗುವುದಿಲ್ಲ. ಕಷ್ಟ ಬಂದವರ ಮನೆಗೆ ಹೋಗಿ ಕಾರಣ ಹೇಳುವವರು ಈ ವಚನವನ್ನು ಪೂರ್ತಿ ಓದಿದರೆ ಒಳ್ಳೆಯದು.

ತುಂಗೆ

ಅಗೆದ ಪಾತಿಯಲ್ಲಿ ಮೊದಲು ಎದ್ದದ್ದು ತುಂಗೆ ಹುಲ್ಲು, ಕೊನ್ನಾರಿ ಅನ್ನುತ್ತಾರಲ್ಲ, ಅದೇ. ಇದನ್ನು ಎಳೆದರೆ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಕೆಳಗೆ ಉಳಿಯುತ್ತದೆ. ನೂಲಿನಂಥ ಬೇರಿನಲ್ಲಿ ಒಂದರ ಹಿಂದೆ ಒಂದು ಗಡ್ಡೆ ಪೋಣಿಸಿಕೊಂಡಿರುತ್ತದೆ. ತುದಿಯದು ಹೋದರೆ ಮಲಗಿದ್ದ ಇನ್ನೊಂದು ಏಳುತ್ತದೆ. ಇಬ್ರಿಯ 12:15ರಲ್ಲಿ ‘ಕಹಿಯಾದ ಬೇರು’ ಅಂತ ಇದೆ, ಅದು ಮೊಳೆತು ಬಹಳ ಜನರನ್ನು ಕೆಡಿಸೀತು ಅನ್ನುವ ಎಚ್ಚರಿಕೆ. ಒಬ್ಬರ ಮೇಲಿನ ಕಹಿ ಹೋಯಿತು ಅಂದುಕೊಂಡಾಗ ಅದೇ ಎಳೆಯಲ್ಲಿ ಇನ್ನೊಬ್ಬರ ಹೆಸರು ಮೇಲೆ ಬರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಉಪಾಯ ಒಂದೇ. ಐದಾರು ಎಲೆ ಆಗುವ ಮೊದಲೇ, ಅದು ಗಡ್ಡೆಗೆ ಆಹಾರ ಕಳಿಸುವ ಮೊದಲೇ, ಕೈಸಲಿಕೆ ಹಾಕಿ ಗಡ್ಡೆ ಸಮೇತ ಎತ್ತುವುದು, ಮತ್ತೆ ಎತ್ತುವುದು. ಗಡ್ಡೆಯ ಕೂಡಿಟ್ಟ ಶಕ್ತಿ ಕರಗಬೇಕು.

ಗೋಧಿ ಹೊಲದ ಕಳೆಯನ್ನು ಸುಗ್ಗಿವರೆಗೂ ಬಿಡಿ ಅಂತ ಮತ್ತಾಯ 13ರಲ್ಲಿದೆಯಲ್ಲ ಅಂತ ಕೇಳಬಹುದು. ಅಲ್ಲಿ ಹೊಲ ಅಂದರೆ ಲೋಕ ಅಂತ ಯೇಸುವೇ 38ನೇ ವಚನದಲ್ಲಿ ಬಿಡಿಸಿ ಹೇಳಿದ್ದಾನೆ. ಪಕ್ಕದವರನ್ನು ಕೀಳಬೇಡಿ ಅಂತ ಅದರ ಅರ್ಥ. ನನ್ನ ಪಾತಿಯ ತುಂಗೆಗೆ ಆ ರಿಯಾಯಿತಿ ಇಲ್ಲ.

ನೀರು

ದಿನಾ ಚಿಮುಕಿಸುವುದು ನಿಲ್ಲಿಸಿದೆ. ಮೇಲೆ ಮೇಲೆ ನೀರು ಸಿಕ್ಕರೆ ಬೇರು ಮೇಲೆಯೇ ಕೂರುತ್ತದೆ. ಅಂಚಿನ ಸುತ್ತ ನಿಧಾನ, ಆಳಕ್ಕೆ ಇಳಿಯುವ ಹಾಗೆ, ನಡುವೆ ಮೇಲ್ಮಣ್ಣು ಒಣಗಲು ಬಿಟ್ಟು. ಕಾಯಿ ಕಟ್ಟಿದ ಮೇಲೆ ಮಾತ್ರ ಏರುಪೇರು ಆಗಬಾರದು, ಒಮ್ಮೆ ಬರ ಒಮ್ಮೆ ಪ್ರವಾಹ ಆದರೆ ಕಾಯಿ ಉದುರುತ್ತದೆ.

ಪ್ರಾರ್ಥನೆಯನ್ನು ನೀರಿಗೆ ಹೋಲಿಸಿದವರಲ್ಲಿ ನನಗೆ ಮೆಚ್ಚುಗೆ ಸ್ಪೇನಿನ ಕ್ರೈಸ್ತ ಸನ್ಯಾಸಿನಿ ಆವಿಲಾದ ತೆರೇಸಾ ಅವರದು (1515–1582). ತೋಟಕ್ಕೆ ನೀರು ಉಣಿಸಲು ನಾಲ್ಕು ದಾರಿ ಅನ್ನುತ್ತಾರೆ. ಬಾವಿಯಿಂದ ಸೇದುವುದು, ರಾಟೆ ತಿರುಗಿಸಿ ಎತ್ತುವುದು, ಹೊಳೆ ಕಾಲುವೆಯಿಂದ ಹರಿಸುವುದು, ಕೊನೆಗೆ ಮಳೆ. ಮೊದಲನೆಯದರಲ್ಲಿ ಶ್ರಮವೆಲ್ಲ ನಮ್ಮದು, ಕೊನೆಯದರಲ್ಲಿ ಎಲ್ಲ ಕರ್ತನದು. ಅವರು ಆತ್ಮದ ತೋಟಕ್ಕೆ ನಮ್ಮನ್ನೇ ಮಾಲಿ ಮಾಡುತ್ತಾರೆ, ನಿಜ. ಆದರೆ ಕಳೆ ಕಿತ್ತು ಗಿಡ ನೆಟ್ಟವನು ದೇವರೇ, ನಮ್ಮದು ನೀರು ಹೊಯ್ಯುವ ಕೆಲಸ ಅಂತ ಮೊದಲೇ ಗೆರೆ ಎಳೆದಿರುತ್ತಾರೆ. ಬಾವಿ ಬತ್ತಿದ ದಿನವೂ ಕೊಡ ಇಳಿಸುವುದನ್ನು ಬಿಡಬಾರದು ಅನ್ನುವ ಅವರ ಮಾತಿನ ಧಾಟಿ ನನ್ನಂಥ ಒಣ ಪ್ರಾರ್ಥನೆಯವರಿಗೆ ಬೇಕಾದದ್ದು. ನನ್ನದು ಈಗಲೂ ಸೇದುವ ನೀರೇ. ಬೆಳಿಗ್ಗೆ ಒಂದು ಕೀರ್ತನೆ, ಸ್ವಲ್ಪ ಮೌನ. ಎಷ್ಟೋ ದಿನ ಕೊಡ ಖಾಲಿ ಬರುತ್ತದೆ.

ಈಗಿನ ಸ್ಥಿತಿ

ಈ ಸಲ ಚಿಗುರು ಗಿಡ್ಡವಾಗಿ, ಗಂಟು ಹತ್ತಿರ ಹತ್ತಿರ ಬಂದಿದೆ, ಅದು ಒಳ್ಳೆಯ ಲಕ್ಷಣ. ತಂತಿಯ ಕೆಳಗಿನ ತೊಗಟೆ ಒಂದು ಕಡೆ ತುಂಬಿಕೊಳ್ಳುತ್ತಿದೆ. ಕಾಯಿ ಬಹಳ ಉದುರಿತು, ಕೆಲವು ನಿಂತವು. ಅಂಜೂರವನ್ನು ಕಾಯಿ ಕಿತ್ತು ಹಣ್ಣು ಮಾಡಲಾಗುವುದಿಲ್ಲ, ಮರದಲ್ಲೇ ಮಾಗಬೇಕು. ತೊಟ್ಟು ಬಾಗಿ ಹಣ್ಣು ಜೋತುಬಿದ್ದು ಮೆತ್ತಗಾದರೆ ಕೀಳಬಹುದು. ಒಂದನ್ನು ಇರುವೆ ತಿಂದವು, ಒಂದೆರಡನ್ನು ಹಕ್ಕಿ ಕುಕ್ಕಿದವು, ಉಳಿದದ್ದು ಮನೆಯವರೆಲ್ಲ ಹಂಚಿಕೊಳ್ಳುವಷ್ಟು ಆಯಿತು.

ಇದು ನನ್ನ ಅಗೆತದ ಫಲವೋ, ಈ ವರ್ಷದ ಹವೆಯ ಫಲವೋ ಬಿಡಿಸಿ ಹೇಳಲು ಬರುವುದಿಲ್ಲ. ಬೀಜ ಬಿತ್ತಿದವನು ಮಲಗುತ್ತಾನೆ, ಏಳುತ್ತಾನೆ, ಅದು ಹೇಗೆ ಬೆಳೆಯಿತೋ ಅವನಿಗೆ ತಿಳಿಯದು ಅಂತ ಮಾರ್ಕ 4:27ರಲ್ಲಿದೆ. ನನ್ನ ಕಡೆಯ ಲೆಕ್ಕವನ್ನು ನಾನು ಬರೆಯುವುದಕ್ಕಿಂತ ಮನೆಯವರು ಬರೆದರೆ ಸರಿ. ಗಲಾತ್ಯ 5ರಲ್ಲಿರುವ ಆತ್ಮನ ಫಲಗಳ ಪಟ್ಟಿಯಲ್ಲಿ ದೀರ್ಘಶಾಂತಿ, ಅಂದರೆ ತಾಳ್ಮೆ, ಅಂತ ಒಂದಿದೆ. ಅದು ಮಾಗಿದೆಯೋ ಇಲ್ಲವೋ ಕೀಳಲು ಕೈ ಚಾಚುವವರಿಗೇ ಗೊತ್ತಾಗುವುದು. ‘ಸ್ವಲ್ಪ ಪರವಾಗಿಲ್ಲ’ ಅಂತ ಹೆಂಡತಿ ಹೇಳಿದ್ದಾಳೆ.

ಬಾಕಿ ಕೆಲಸ: ಎಲೆಯ ಅಡಿ ತುಕ್ಕಿನ ಬಣ್ಣದ ಚುಕ್ಕೆ ಕಾಣುತ್ತಿದೆ, ಅದು ಶಿಲೀಂಧ್ರದ ತುಕ್ಕು ರೋಗ. ಉದುರಿದ ಎಲೆಗಳನ್ನು ಗುಡಿಸಿ ದೂರ ಹಾಕಬೇಕು, ತಿಪ್ಪೆಗೆ ಸೇರಿಸಬಾರದು. ಪೂರ್ವದ ಕಡೆಯ ದಪ್ಪ ಕೊಂಬೆ ನಡುವಿನ ಬೆಳಕು ತಡೆಯುತ್ತಿದೆ, ಎಲೆ ಉದುರಿದ ಮೇಲೆ ಅದನ್ನು ತೆಗೆಯುವುದೋ ಬಿಡುವುದೋ ನೋಡಬೇಕು. ನೀರು ಇಂಗುವ ಪರೀಕ್ಷೆ ಮತ್ತೊಮ್ಮೆ ಮಾಡಬೇಕು. ಹಿರಿಯರ ಹತ್ತಿರ ಹೋಗುವುದು ಮುಂದುವರಿಯುತ್ತದೆ, ಅವರ ಎರಡನೆಯ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.